ಕಾಲೇಜು ಯಕ್ಷಗಾನದಲ್ಲಿ ಕಿರೀಟ ಕೇಳಿದ್ರೆ ಹಾಸ್ಯ ಕೊಟ್ರು, ಸಂಘ ಬಿಡ್ಲಾ?

ಕಾಲೇಜಿನ ಯಕ್ಷಗಾನ ಸಂಘದಲ್ಲಿ ಕಿರೀಟದ ದೊಡ್ಡ ವೇಷ ಕೇಳಿದ್ರೆ ಹಾಸ್ಯಗಾರನ ವೇಷ ಕೊಟ್ಟದ್ದಕ್ಕೆ ಸಂಘ ಬಿಡ್ಬೇಕಾ, ಬಿಡದಿದ್ರೆ ಅರ್ಧಕ್ಕರ್ಧ ಮಲಯಾಳದವರೇ ಇರುವ ಸಭೆಯನ್ನ ನಗಿಸುವುದು ಹೇಗೆ ಅಂತ ಕೇಳಿದ್ದೀರಿ. ಅದರಲ್ಲೂ ಕಾಸರಗೋಡಿನ ಕಾಲೇಜು. ಓದುವಾಗ ನನಗೆ ನನ್ನ ಸೆಕೆಂಡ್ ಇಯರೇ ಕಣ್ಣೆದುರು ಬಂತು.

ನನ್ನ ಊರು ಪೆರ್ಲದ ಹತ್ತಿರ. ಸಣ್ಣದಿರುವಾಗಿಂದ ಅಜ್ಜನ ಒಟ್ಟಿಗೆ ಯಕ್ಷಗಾನ ಆಟಕ್ಕೆ ಹೋಗಿ ಬೆಳಗ್ಗಿನವರೆಗೆ ಕೂತವ ನಾನು, ಹಾಗಾಗಿ ಕಾಲೇಜಲ್ಲಿ ಕಂಸವಧೆ ಮಾಡುವುದು ಅಂತ ಆದಾಗ ಕಂಸ ನನಗೇ ಅಂತ ಗ್ರಹಿಸಿದ್ದೆ. ಅಂತರ ಕಾಲೇಜು ಸ್ಪರ್ಧೆ, ಒಂದು ಗಂಟೆ ಸಮಯ, ಕೃಷ್ಣ ಬಲರಾಮ ಮಥುರೆಗೆ ಬರುವಲ್ಲಿಂದ ಶುರು. ಕಂಸ ಹೋದದ್ದು ಫೈನಲ್ ಇಯರಿನ ನನ್ನ ಗೆಳೆಯನಿಗೆ. ನನಗೆ ರಜಕ, ಅಂದ್ರೆ ಕಂಸನ ಬಟ್ಟೆ ಒಗೆಯುವವ. ಕೃಷ್ಣ ಬಟ್ಟೆ ಕೇಳ್ತಾನೆ, ಇವ ಕೊಡುವುದಿಲ್ಲ ಅಂತ ಬೈತಾನೆ, ಕೃಷ್ಣ ಕೊಲ್ತಾನೆ. ಮೂರು ಪದ್ಯ, ಆರು ನಿಮಿಷ. ನನಗೂ ನಿಮ್ಮ ಹಾಗೆಯೇ ಬೇಜಾರಾಯ್ತು. ಸರಿ, ಕೊಟ್ಟ ಆರು ನಿಮಿಷದಲ್ಲಿ ಇಡೀ ಆಟವೇ ನನ್ನದು ಅಂತ ತೋರಿಸ್ತೇನೆ ಅಂತ ಹಠ ಹಿಡಿದೆ.

ತಪ್ಪು ಆದದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ಅರ್ಥ, ಅಂದ್ರೆ ಪದ್ಯದ ಮೇಲಿನ ಮಾತು, ಹೇಳುವಾಗ ನಾವು ಆಡುವ ಕೊನೆಯ ಮಾತು ಉಂಟಲ್ಲ, ಅದನ್ನ ಹಿಡ್ಕೊಂಡು ಹಾಡುವ ಭಾಗವತರು ಮುಂದಿನ ಪದ್ಯ ಎತ್ತುವುದು. ಎತ್ತುಗಡೆ ಅಂತ ಹೇಳ್ತೇವೆ. ನನ್ನ ಎತ್ತುಗಡೆ ಇದ್ದದ್ದು "ದನ ಕಾಯುವವರಿಗೆ ಅರಸನ ಮಡಿ ಯಾಕೆ? ಕೊಡುವುದಿಲ್ಲ, ಏನು ಮಾಡುತ್ತೀ?" ಅಂತ. ಇಷ್ಟು ಹೇಳಿದ್ರೆ ಕೃಷ್ಣನ ಸಿಟ್ಟಿನ ಪದ್ಯ ಬರ್ತದೆ, ನಾನು ಸಾಯ್ತೇನೆ, ಕಥೆ ಮುಂದೆ ಹೋಗ್ತದೆ. ಟ್ರಯಲಲ್ಲಿ ಪ್ರತಿ ಸಲ ಸರಿಯಾಗಿ ಹೇಳಿದ್ದೆ. ಅದು ಇಡೀ ಆಟದ ಕೀಲಿ ಅಂತ ಮಾತ್ರ ಗೊತ್ತಿರ್ಲಿಲ್ಲ, ನನ್ನ ಬಾಯಲ್ಲಿರುವ ಎಷ್ಟೋ ಮಾತಲ್ಲಿ ಅದೂ ಒಂದು ಅಂತ ಗ್ರಹಿಸಿದ್ದೆ.

ಸ್ಪರ್ಧೆಯ ದಿನ ರಂಗಸ್ಥಳಕ್ಕೆ ಹೋಗಿ ಎರಡನೇ ಮಾತಿಗೆ ಒಂದು ಮಲಯಾಳ ಸಿನೆಮಾದ ಡಯಲಾಗ್ ಬಿಟ್ಟೆ. ಸಭೆ ಹೋ ಅಂತು. ಆ ಶಬ್ದ ಒಮ್ಮೆ ಕಿವಿಗೆ ಬಿದ್ರೆ ಮತ್ತೆ ಬೇರೆ ಎಂತದೂ ಕೇಳುವುದಿಲ್ಲ, ನಿಜವಾಗಿ ಹೇಳ್ತೇನೆ. ಮಾತಿನ ಮಧ್ಯೆ ಹಾಸ್ಟೆಲ್ ಊಟ ತಂದೆ, ಅಟೆಂಡೆನ್ಸ್ ತಂದೆ, ಕೃಷ್ಣನ ಹತ್ತಿರ ಐಡಿ ಕಾರ್ಡ್ ಕೇಳಿದೆ. ಕೃಷ್ಣ ಆದ ಹುಡುಗಿ ಫಸ್ಟ್ ಇಯರ್, ಪಾಪ, ಕೊಲ್ಲುವ ಪದ್ಯಕ್ಕೆ ಕಾಯ್ತಾ ನಿಂತಿದ್ದಾಳೆ, ನಾನು ಆ ಎತ್ತುಗಡೆ ಒಂದು ಬಿಟ್ಟು ಬೇರೆ ಎಲ್ಲ ಹೇಳ್ತಾ ಇದ್ದೇನೆ. ಚೆಂಡೆಯವರು ಒಂದು ಪೆಟ್ಟು ಹಾಕಿದ್ರು. ಹಾಸ್ಯಗಾರನ ಚೇಷ್ಟೆಗೆ ಚೆಂಡೆ ಮದ್ದಳೆಯಲ್ಲಿ ಪೆಟ್ಟು ಕೊಡುವ ಕ್ರಮ ಇದೆಯಲ್ಲ, ಹಾಗಾಗಿ ಅದು ನನಗೆ ಸಪೋರ್ಟ್ ಅಂತ ಗ್ರಹಿಸಿ ಇನ್ನೂ ಹಾರಿದೆ, ಆದ್ರೆ ಅದು ಸಾಕು ನಿಲ್ಸು ಅಂತ ಹೇಳಿದ ಪೆಟ್ಟು. ಭಾಗವತರು ಹೊರಗಿಂದ ಬಂದ ಹಿರಿಯರು, ಎರಡು ಸಲ ಶ್ರುತಿ ಹಿಡಿದು ಆಲಾಪ ತೆಗೆದ್ರು, ಎರಡು ಸಲವೂ ನಾನು ಅದರ ಮೇಲೆಯೇ ಮಾತಾಡಿದೆ. ಮೂರನೇ ಸಲ ಅವರು ಜಾಗಟೆಗೆ ಹೊಡೆದು ಪದ್ಯ ಎತ್ತಿಯೇ ಬಿಟ್ರು. ಮತ್ತೆ ವಿಡಿಯೋ ನೋಡುವಾಗ ಲೆಕ್ಕ ಹಾಕಿದೆ, ಆರು ನಿಮಿಷದ ಜಾಗದಲ್ಲಿ ಹದಿನೇಳು ನಿಮಿಷ.

ಹೋದ ಆ ಹನ್ನೊಂದು ನಿಮಿಷ ಯಾರದ್ದು? ಕುಬ್ಜೆಯ ಭಾಗ ಪೂರ್ತಿ ಬಿಟ್ರು. ಚಾಣೂರ ಮುಷ್ಟಿಕರು ಬಂದ ಹಾಗೆಯೇ ಸತ್ರು. ಕಂಸ ಪ್ರವೇಶ ಮಾಡಿ ಒಂದು ಪದ್ಯ ಆಗುವಾಗ ಬೆಲ್ ಆಯ್ತು, ಪರದೆ ಬಂತು. ಕಂಸ ಸಾಯದೆ ಕಂಸವಧೆ ಮುಗಿದದ್ದು.

ಕಂಸ ಆದ ಆ ಗೆಳೆಯ ರಥದ ಮೇಲಿಂದ ಬೀಳುವುದನ್ನ ಮನೆಯ ಜಗಲಿಯಿಂದ ಅಂಗಳಕ್ಕೆ ಬಿದ್ದು ಬಿದ್ದು ಮೂರು ತಿಂಗಳು ಕಲ್ತಿದ್ದ, ಮೊಣಕೈ ಇಡೀ ಗಾಯ. ಮಧ್ಯಾಹ್ನ ಎರಡು ಗಂಟೆಗೇ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣಕ್ಕೆ ಕೂತವ. ಮುಳ್ಳೇರಿಯದಿಂದ ಅವನ ಅಜ್ಜಿ ಬಂದಿದ್ರು, ಮೊಮ್ಮಗನ ಅರ್ಥ ಕೇಳ್ಳಿಕ್ಕೆ. ಅವನಿಗೆ ಅದು ಕಾಲೇಜಿನ ಕೊನೆಯ ಆಟ. ಚೌಕಿಯಲ್ಲಿ ಅವ ಬೈಯ್ತಾನೆ ಅಂತ ಕಾದೆ, ಬೈಯ್ಲಿಲ್ಲ, ತೆಂಗಿನೆಣ್ಣೆ ಹಾಕಿ ಬಣ್ಣ ತೆಗೆದು ಬಾಟ್ಲಿಯನ್ನ ನನ್ನ ಕಡೆ ದೂಡಿ ಎದ್ದು ಹೋದ. ಹೊರಗೆ ಹೋದ್ರೆ ಗುರ್ತ ಇಲ್ಲದ ಹುಡುಗರು ಬಂದು ಸೂಪರ್ ಅಂತ ಕೈ ಕೊಡ್ತಾ ಇದ್ದಾರೆ. ಆ ಕೈ ಹಿಡಿಯುವಾಗ ಆದ ಸಂಕಟ ಇವತ್ತಿಗೂ ಹೋಗ್ಲಿಲ್ಲ.

ಈಗ ನಿಮ್ಮ ಪ್ರಶ್ನೆ. ನಗಿಸುವುದು ಹೇಗೆ ಅಂತ ಕೇಳಿದ್ದೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಹಾಸ್ಯಗಾರ ಒಂದೇ ರಾತ್ರಿಯಲ್ಲಿ ದೂತ, ಬ್ರಾಹ್ಮಣ, ಬಾಗಿಲು ಕಾಯುವವ, ಮುದುಕಿ, ಎಲ್ಲ ಆಗ್ಬೇಕು, ದೊಡ್ಡ ದೊಡ್ಡ ವೇಷಗಳ ಎದುರು ನಿಂತು ಮಾತು ಕೊಟ್ಟು ಮಾತು ತಗೊಳ್ಬೇಕು. ಅದಕ್ಕೆ ಪ್ರಸಂಗ, ಅಂದ್ರೆ ಆಡುವ ಕಥೆ, ಪೂರ್ತಿ ಗೊತ್ತಿರ್ಬೇಕಾಗ್ತದೆ. ಅದನ್ನ ಸಣ್ಣ ವೇಷ ಅಂತ ಗ್ರಹಿಸಿದವನಿಗೆ ಕಿರೀಟ ಕೊಟ್ರೂ ಪ್ರಯೋಜನ ಇಲ್ಲ. ಪೆರುವೋಡಿ ನಾರಾಯಣ ಭಟ್ಟರ ಪಾಪಣ್ಣನ ವೇಷವನ್ನ ಜನ ಈಗಲೂ ನೆನಪು ಮಾಡ್ತಾರೆ, ಹಾಸ್ಯಗಾರರು ಅವರು.

ನಗೆ ಪಾತ್ರದ ಒಳಗಿಂದಲೇ ಬರ್ಬೇಕು. ನನ್ನ ರಜಕ ಪೆದ್ದ ಅಲ್ಲ, ಅರಸನ ಬಟ್ಟೆ ಮುಟ್ಟುವವ ಅಂತ ಅಹಂಕಾರ ತಲೆಗೇರಿದವ. ಬೇರೆಯವರ ಬಟ್ಟೆಯ ಗತ್ತನ್ನ ತನ್ನದು ಅಂತ ತಿಳ್ಕೊಂಡವ. ಅಷ್ಟು ಹಿಡಿದಿದ್ರೆ ಸಿನೆಮಾ ಡಯಲಾಗೇ ಬೇಡ ಇತ್ತು. ಮಲಯಾಳದವರಿಗೆ ಅರ್ಥ ಆಗುವುದಿಲ್ಲ ಅಂತ ಹೆದರ್ಬೇಡಿ, ಕಂಸನ ಕಥೆ ಅವರಿಗೂ ಗೊತ್ತುಂಟು, ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೇ ಒಂದು ಸ್ಪರ್ಧೆ. ನಡಿಗೆ ನೋಡಿ, ಮುಖ ನೋಡಿ ನಗ್ತಾರೆ. ಮತ್ತೆ, ಇಲ್ಲಿ ನಮ್ಮ ಮಕ್ಕಳು ಮೈಕಿನ ಎದುರು ನಿಂತು ಗಟ್ಟಿಯಾಗಿ ಒಳ್ಳೆ ಕನ್ನಡ ಮಾತಾಡುವ ಜಾಗ ಎಷ್ಟು ಉಳ್ದಿದೆ ಹೇಳಿ? ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕೂತು ಅದನ್ನೂ ನಾವೇ ಬಿಟ್ಟುಕೊಡುವುದು ಬೇಡ.

ಸಂಘ ಬಿಡ್ಬೇಡಿ. ಮೊದಲು ನಿಮ್ಮ ಎತ್ತುಗಡೆಗಳನ್ನ ಮಾತ್ರ ಒಂದು ಹಾಳೆಯಲ್ಲಿ ಬರ್ದು ಬಾಯಿಪಾಠ ಮಾಡಿ, ಜೋಕು ಮತ್ತೆ. ಟ್ರಯಲಲ್ಲಿ ಮದ್ದಳೆಯವರ ಹತ್ತಿರ ಹೋಗಿ ಕೂತು ಯಾವ ಪೆಟ್ಟಿಗೆ ಎಂತ ಅರ್ಥ ಅಂತ ಕೇಳಿ ಕಲೀರಿ, ನಾಚಿಕೆ ಮಾಡ್ಬೇಡಿ. ಹಾಸ್ಯಕ್ಕೆ ಹೆಜ್ಜೆ ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ತಾಳ ಗೊತ್ತಿಲ್ಲದ ಹಾಸ್ಯಗಾರನಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗುವುದಿಲ್ಲ. ಮತ್ತೆ ನಿಮ್ಮ ನಂತರ ಪ್ರವೇಶ ಇರುವವರು ಯಾರು ಅಂತ ನೋಡಿ, ಅವರ ಭಾಗದ ಟ್ರಯಲಿಗೂ ಹೋಗಿ ಕೂತ್ಕೊಳ್ಳಿ.

ನಿಮ್ಮ ಪ್ರಸಂಗ ಯಾವುದು ಅಂತ ಬರೀಲಿಲ್ಲ. ತಿಳಿಸಿ, ಎತ್ತುಗಡೆ ಎಲ್ಲೆಲ್ಲಿ ಬರ್ತದೆ ಅಂತ ಪದ್ಯ ನೋಡಿ ಗುರುತು ಹಾಕಿ ಕೊಡ್ತೇನೆ.