ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕ್

ಪ್ರಶ್ನೆ: ಮೇಜಿನಿಂದ ಬಿದ್ದ ನನ್ನ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಈಗ ಟಕ್ ಟಕ್ ಎನ್ನುತ್ತಿದೆ. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತದೆ. ಮದುವೆ ಫೋಟೋಗಳೆಲ್ಲ ಅದರಲ್ಲೇ ಇವೆ. ಸಾಫ್ಟ್‌ವೇರ್ ಹಾಕಿ ತೆಗೆಯಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಬೇಡ. ಮೊದಲು ಕೇಬಲ್ ಕಿತ್ತುಬಿಡಿ. ಬಿದ್ದ ಮೇಲೆ ಆ ಸದ್ದು ಬಂದರೆ ಒಳಗಿನ ಹೆಡ್ (ಡೇಟಾ ಓದಿ ಬರೆಯುವ ಸೂಕ್ಷ್ಮ ಭಾಗ) ಹಾಳಾಗಿರುವುದೇ ಹೆಚ್ಚು. ಫೋಟೋಗಳು ದಾಖಲಾಗಿರುವ ತಟ್ಟೆ ತಿರುಗಿದಷ್ಟೂ ಹೆಡ್ ಅದನ್ನು ಗೀರಬಹುದು. ಗೀರಿದ ಕಡೆಯ ಫೋಟೋ ಯಾರಿಗೂ ಸಿಗದು. ಫ್ರಿಜ್‌ನಲ್ಲಿಡುವ ಹಳೇ ಉಪಾಯವಂತೂ ಬೇಡವೇ ಬೇಡ, ತಟ್ಟೆಯ ಮೇಲೆ ನೀರು ಕೂರುತ್ತದೆ. ಹಾಸನದ ಅಂಗಡಿಯಲ್ಲಾಗಲಿ, ಮನೆಯಲ್ಲಾಗಲಿ ಮುಚ್ಚಳ ಬಿಚ್ಚಿಸಬೇಡಿ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಹೆಡ್ ಜೋಡಿಸಲು ಧೂಳಿಲ್ಲದ ಕ್ಲೀನ್ ರೂಮ್ ಬೇಕು. ಅಂಥ ಲ್ಯಾಬ್‌ಗೆ ಕೊಡುವ ಮುನ್ನ, ಫೋಟೋ ಸಿಗದಿದ್ದರೆ ಎಷ್ಟು ಹಣ ಎಂದು ಬರೆಸಿಕೊಳ್ಳಿ. ಸರ್ಕ್ಯೂಟ್ ಬೋರ್ಡ್ ಎಸೆಯಬೇಡಿ, ಕೆಲವದರಲ್ಲಿ ಡೇಟಾ ಬಿಡಿಸಿ ಓದಲು ಬೇಕಾದ ಗೂಢಲಿಪಿಯ ಕೀಲಿ ಅದರಲ್ಲೇ ಇರುತ್ತದೆ.

ಸದ್ದಿಲ್ಲದೆ ಬರೀ ‘ಫಾರ್ಮ್ಯಾಟ್’ ಎಂದು ಕೇಳುವ ಡಿಸ್ಕ್‌ನ ಕಥೆಯೇ ಬೇರೆ. ‘ಕ್ಯಾನ್ಸಲ್’ ಒತ್ತಿ, ವಿಂಡೋಸ್‌ನ ಡಿಸ್ಕ್ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಓಡಿಸಬೇಡಿ. ಲಿನಕ್ಸ್‌ನ (ವಿಂಡೋಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಡಿಸ್ಕ್ ನಕಲಿಸುವ ಪ್ರೋಗ್ರಾಂ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕ್‌ನ ಪ್ರತಿಯನ್ನು 2 ಟಿಬಿಯ ಬೇರೆ ಡಿಸ್ಕ್‌ಗೆ ಇಳಿಸಿ, ಆ ಪ್ರತಿಯ ಮೇಲೆ ಫೋಟೋ ಹುಡುಕಿ ತೆಗೆಯುವ ಸಾಫ್ಟ್‌ವೇರ್ ಫೋಟೋರೆಕ್ ಓಡಿಸಿ. ಫೋಟೋ ಸಾಮಾನ್ಯವಾಗಿ ಬರುತ್ತವೆ, ಆದರೆ ಫೈಲ್ ಹೆಸರು, ಫೋಲ್ಡರ್ ಬರುವುದಿಲ್ಲ.