ರಾಡ್ ಕೊನೆಗೆ ನೋಡೋಣ, ಮೊದಲು ಕೊಕ್ಕೆ ಆರಿಸಿ

ಕೆಲಸಕ್ಕೆ ಅಂತ ರಾಣೆಬೆನ್ನೂರಿಗೆ ಬಂದಿದ್ದೀರಿ, ಭಾನುವಾರ ತುಂಗಭದ್ರಾ ಹೊಳೆಗೆ ಗಾಳ ಹಾಕಲು ಹೋಗಬೇಕು, ಕೈಯಲ್ಲಿ 3000 ರೂಪಾಯಿ ಇದೆ, ಯಾವ ರಾಡ್ ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಹಾವೇರಿಯವನು. ವರದಾ, ತುಂಗಭದ್ರಾ ಎರಡೂ ಹೊಳೆಗಳ ದಂಡೆಯಲ್ಲಿ ಹದಿನೈದು ವರ್ಷದಿಂದ ಕೂತಿದ್ದೇನೆ. ನನ್ನ ಮಾತು ಇಷ್ಟೇ: ಮೊದಲು ಕೊಕ್ಕೆ, ಆಮೇಲೆ ದಾರ, ಆಮೇಲೆ ಆ ದಾರ ಸುತ್ತುವ ರೀಲ್. ರಾಡ್ ಎಲ್ಲಕ್ಕಿಂತ ಕೊನೆಗೆ.

ಯಾಕೆಂದರೆ ಮೀನಿನ ಬಾಯಿಗೆ ಹೋಗುವುದು ಕೊಕ್ಕೆ ಮಾತ್ರ. ಜಿಲೇಬಿ ಮೀನಿನ ಬಾಯಿ ಸಣ್ಣದು. ಅದಕ್ಕೆ 8 ಅಥವಾ 10ನೇ ನಂಬರ್ ಸಾಕು. ರೋಹು ಬೇಕಿದ್ದರೆ 4 ಅಥವಾ 6. ಬಾಳೆ ಮೀನಿನಂಥ ದೊಡ್ಡ ಬಾಯಿಗೆ 1/0, 2/0 ಬೇಕು. ನಂಬರ್ ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ, ಆದರೆ 1/0ರ ಹಾಗೆ ಓರೆ ಗೆರೆ ಹಾಕಿ ಸೊನ್ನೆ ಬಂದ ಕೂಡಲೇ ಲೆಕ್ಕ ಉಲ್ಟಾ. ಕೊಳ್ಳುವಾಗ ಕೊಕ್ಕೆಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಉಗುರಿಗೆ ಕಚ್ಚಿ ನಿಂತರೆ ಚೂಪಾಗಿದೆ. ಜಾರಿದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ದಾರಕ್ಕೆ 10 ಪೌಂಡಿನ ಸಾದಾ ನೈಲಾನ್ ತೆಗೆದುಕೊಳ್ಳಿ. ಅಂದರೆ ಸುಮಾರು ನಾಲ್ಕೂವರೆ ಕೆಜಿ ತಡೆಯುವ ದಾರ. ಹೆಣೆದ ದಾರ, ಅದೇ ಬ್ರೇಡ್ ಅಂತಾರಲ್ವಾ, ತೆಳ್ಳಗಿದ್ದೂ ಗಟ್ಟಿ ಇರುತ್ತದೆ ನಿಜ. ಆದರೆ ಕಲ್ಲಿಗೆ ಉಜ್ಜಿದರೆ ಬೇಗ ಹರಿಯುತ್ತದೆ, ನಮ್ಮ ಹೊಳೆಯಲ್ಲಿ ಕಲ್ಲಿಗೆ ಬರವಿಲ್ಲ. ನೈಲಾನ್ ಸ್ವಲ್ಪ ಹಿಗ್ಗುತ್ತದೆ. ಮೀನು ಜಗ್ಗಿದಾಗ ಹೊಸಬರ ಕೈಯನ್ನು ಆ ಹಿಗ್ಗೇ ಕಾಪಾಡುತ್ತದೆ. ಬಿಸಿಲಲ್ಲಿ ಮಾತ್ರ ಬಿಡಬೇಡಿ, ಬಿಸಿಲಿಗೆ ನೈಲಾನ್ ಸತ್ವ ಕಳೆದುಕೊಳ್ಳುತ್ತದೆ.

ಈಗ ಗಂಟಿನ ವಿಷಯ. ಗಳಗನಾಥದ ಹತ್ತಿರ, ವರದಾ ಹೋಗಿ ತುಂಗಭದ್ರೆಗೆ ಸೇರುವ ಕಡೆ, ಒಮ್ಮೆ ನನ್ನ ಗಾಳಕ್ಕೆ ದೊಡ್ಡ ಕಾಟ್ಲಾ ಬಿತ್ತು. ಒಂದು ಸಲ ಬೆನ್ನು ತೋರಿಸಿತು. ಅಗಲ ತಲೆ, ಮೇಲ್ಮುಖವಾದ ಬಾಯಿ, ಚೆನ್ನಾಗಿ ಕಂಡಿತು. ಆಮೇಲೆ ದಾರ ಹಗುರಾಯಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ದಾರ ಸುತ್ತಿಕೊಂಡು ತುದಿ ನೋಡಿದೆ. ಹಂದಿ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಹಾಗಿದ್ದರೆ ದಾರ ಹರಿದದ್ದಲ್ಲ, ಗಂಟು ಜಾರಿದ್ದು. ಅಂದಿನಿಂದ ಕೊಕ್ಕೆಯ ಕಣ್ಣಿನಲ್ಲಿ ದಾರ ಪೋಣಿಸಿ, ತುದಿಯನ್ನು ಅದೇ ದಾರಕ್ಕೆ ಐದಾರು ಸುತ್ತು ಸುತ್ತಿ, ಮತ್ತೆ ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತೂರಿಸಿ, ಎಂಜಲು ಹಚ್ಚಿ ನಿಧಾನ ಬಿಗಿಯುತ್ತೇನೆ. ಒಣ ದಾರವನ್ನು ಜೋರಾಗಿ ಬಿಗಿದರೆ ಉಜ್ಜಿದ ಬಿಸಿಗೇ ದಾರದ ಬಲ ಕುಗ್ಗುತ್ತದೆ.

ರೀಲ್ 3000 ಸೈಜಿನದು ಸಾಕು. ಅದರಲ್ಲಿ ಮುಖ್ಯವಾದದ್ದು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಬಿಟ್ಟುಕೊಡುವ ತಿರುಪು. ದಾರದ ಬಲದ ಕಾಲು ಭಾಗಕ್ಕೆ ಅದನ್ನು ಇಡಬೇಕು. ಮನೆಯಲ್ಲೇ ನೋಡಬಹುದು. ದಾರದ ತುದಿಗೆ ಒಂದು ಲೀಟರ್ ತುಂಬಿದ ನೀರಿನ ಬಾಟಲಿ ಕಟ್ಟಿ, ದಾರವನ್ನು ಕೈಯಲ್ಲಿ ಹಿಡಿಯದೆ ರೀಲಿನಿಂದಲೇ ನೇರ ಇಳಿಬಿಡಿ. ಬಾಟಲಿ ಸುಮ್ನೆ ತೂಗಬೇಕು, ಸ್ವಲ್ಪ ಜಗ್ಗಿದರೆ ಇಳಿಯಬೇಕು. ಸ್ಪೂಲಿಗೆ, ಅಂದರೆ ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಉರುಳೆಗೆ, ದಾರ ತುಂಬುವಾಗ ಅಂಚಿಗೆ 2 ಮಿ.ಮೀ. ಬಿಡಿ. ಜಾಸ್ತಿ ತುಂಬಿದರೆ ಸಿಕ್ಕುಸಿಕ್ಕಾಗಿ ಎದ್ದು ಬರುತ್ತದೆ.

ರಾಡ್ 7 ಅಥವಾ 8 ಅಡಿ, ಮೀಡಿಯಂ, ಅಂದರೆ ತೀರಾ ಬಿರುಸೂ ಅಲ್ಲ, ತೀರಾ ಮೆತ್ತಗೂ ಅಲ್ಲ. ಹಿಡಿಯಿಂದ ಸ್ವಲ್ಪ ಮೇಲೆ ಎಷ್ಟು ಪೌಂಡ್ ದಾರಕ್ಕೆ ಅಂತ ಬರೆದಿರುತ್ತದೆ. ನಿಮ್ಮ 10 ಅದರೊಳಗೆ ಬರಬೇಕು. ಅಷ್ಟೇ ನೋಡಿ. ಎಲ್ಲ ಸೇರಿದ ಸೆಟ್ ಬೇಡ, ಅದರ ಜೊತೆ ಬರುವ ದಾರ ನನಗಂತೂ ಒಮ್ಮೆಯೂ ಬಾಳಿಕೆ ಬಂದಿಲ್ಲ.

ಬೆಂಡು, ಅಂದರೆ ದಾರಕ್ಕೆ ಕಟ್ಟುವ ತೇಲುವ ತುಂಡು, ಎರಡು ಮೂರು ಇಟ್ಟುಕೊಳ್ಳಿ. ಕಾಟ್ಲಾ ಮೇಲಿನ ನೀರಲ್ಲಿ ತಿನ್ನುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೆಂಡನ್ನು ದಾರದ ಮೇಲೆ ಸರಿಸಿ ಆಳ ಹೊಂದಿಸಿಕೊಳ್ಳಬಹುದು. ತಳಕ್ಕೆ ಬಿಡುವಾಗ ಬೆಂಡು ತೆಗೆದು ಸೀಸದ ಗುಂಡು ಮಾತ್ರ ಹಾಕಿ. ಎರೆಗೆ ಗೋಧಿ ಕಣಕದಲ್ಲಿ ಪುಡಿ ಮಾಡಿದ ಶೇಂಗಾ ಹಿಂಡಿ ನಾದಿ. ಬರೀ ಜೋಳದ ಹಿಟ್ಟು ಕೊಕ್ಕೆಗೆ ನಿಲ್ಲುವುದಿಲ್ಲ, ನೀರಿಗೆ ಬಿದ್ದ ಕೂಡಲೇ ಬಿಟ್ಟುಹೋಗುತ್ತದೆ. ಎರೆಹುಳು ಸಿಕ್ಕರೆ ಜಿಲೇಬಿಗೆ ಅದೇ ಒಳ್ಳೆಯದು.

ಇನ್ನೊಂದು. ಹೊಳೆ ಬಿಟ್ಟು ಕೆರೆಗೆ ಹೋಗುವುದಾದರೆ ಮೊದಲು ಊರವರನ್ನು ಕೇಳಿ. ನಮ್ಮ ಕಡೆ ತುಂಬಾ ಕೆರೆಗಳಲ್ಲಿ ಮೀನು ಹಿಡಿಯುವುದನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರು ಮರಿ ಬಿಟ್ಟು ಸಾಕಿದ ಮೀನು ಅದು. ಒಪ್ಪಿದರೆ ಹಾಕಿ, ಇಲ್ಲದಿದ್ದರೆ ಬೇಡ.