ಉಗಾಂಡಾದ ಕಾಫಿ ತೋಟಕ್ಕೆ ಕೆಲಸಕ್ಕೆ ಹೊರಟಿದ್ದೇನೆ, ಯಾವ ಯಾವ ಲಸಿಕೆ ಬೇಕು?

ಸೋಮವಾರಪೇಟೆ ಕಡೆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೀರಿ, ಉಗಾಂಡಾದಲ್ಲಿ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಹೊರಡಬೇಕು ಎಂದು ಬರೆದಿದ್ದೀರಿ. ಏಜೆಂಟ್ ‘ಯೆಲ್ಲೋ ಫೀವರ್ ಇಂಜೆಕ್ಷನ್ ಒಂದು ಸಾಕು’ ಎನ್ನುತ್ತಾನೆ. ಮನೆಯವರು ‘ಮಳೆ, ಸೊಳ್ಳೆ, ಜಿಗಣೆ ಮಧ್ಯೆ ಬೆಳೆದವನಿಗೆ ಏನಾಗುತ್ತೆ’ ಎನ್ನುತ್ತಾರೆ. ದಯವಿಟ್ಟು ಎರಡನ್ನೂ ನಂಬಬೇಡಿ. ನಾನು ಗೋಣಿಕೊಪ್ಪ ಕಡೆಯವನು. ಉಗಾಂಡಾದ ಮಸಾಕಾ ಭಾಗದ ರೊಬಸ್ಟಾ ಕಾಫಿ ತೋಟದಲ್ಲಿ ಕೆಲವು ವರ್ಷ ಇದ್ದು ಬಂದಿದ್ದೇನೆ. ಡಾಕ್ಟರ್ ಅಲ್ಲ. ಹಾಗಾಗಿ ನಿಮಗೆ ಯಾವ ಮಾತ್ರೆ, ಎಷ್ಟು ಡೋಸ್ ಎನ್ನುವುದನ್ನು ಡಾಕ್ಟರ್ ಹತ್ತಿರವೇ ಕೇಳಿ.

ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಇಲ್ಲದೆ ಉಗಾಂಡಾದೊಳಗೆ ಬಿಡುವುದಿಲ್ಲ, ಅಷ್ಟರ ಮಟ್ಟಿಗೆ ಏಜೆಂಟ್ ಹೇಳಿದ್ದು ಸರಿ. ಆದರೆ ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಆರೋಗ್ಯ ಇಲಾಖೆಯ ಪಟ್ಟಿ ನೋಡಿಕೊಂಡೇ ಹೋಗಿ, ನಮಗೆ ಬೆಂಗಳೂರು ಅನುಕೂಲ. ಒಂದು ಬಾಟಲಿಯಲ್ಲಿ ಹಲವು ಜನರ ಡೋಸ್ ಇರುತ್ತದೆ. ಲಸಿಕೆಯ ಪುಡಿಯನ್ನು ದ್ರವದಲ್ಲಿ ಕಲಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಅದಕ್ಕೇ ಜನರನ್ನು ಗೊತ್ತಾದ ದಿನ ಒಟ್ಟಿಗೆ ಕರೆಯುತ್ತಾರೆ. ಸುಮ್ನೆ ಬಸ್ ಹತ್ತಿ ಹೋಗಬೇಡಿ, ಮೊದಲೇ ಹೆಸರು ಕೊಡಿಸಿ. ಹಾಕಿಸಿಕೊಂಡ 10 ದಿನದ ಮೇಲೆ ಕಾರ್ಡ್ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಒಂದೇ ಡೋಸ್ ಜೀವನಪೂರ್ತಿ ನಡೆಯುತ್ತದೆ. ಕಾರ್ಡಿನಲ್ಲಿ ಪಾಸ್‌ಪೋರ್ಟ್ ನಂಬರ್, ಬ್ಯಾಚ್ ನಂಬರ್, ಸೀಲು ಸರಿಯಿದೆಯಾ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಊರಿಗೆ ವಾಪಸ್ ಬರುವಾಗಲೂ ಅದು ಬೇಕು. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಇದು ಬರೀ ಕಾಗದದ ಕಾಟ ಅಲ್ಲ. ಭಾರತದಲ್ಲಿ ಈ ಜ್ವರ ಇಲ್ಲ, ಆದರೆ ಇದನ್ನು ಹರಡುವ ಈಡಿಸ್ ಸೊಳ್ಳೆ ಇದೆ, ಡೆಂಗಿ ಹರಡುವುದೂ ಅದೇ. ಒಂದು ಸಲ ಒಳಗೆ ಬಂದರೆ ಏನಾಗಬಹುದು ಯೋಚಿಸಿ.

ಮೊಟ್ಟೆಗೆ ಜೋರು ಅಲರ್ಜಿ ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧಿ ಇದ್ದರೆ, ವಯಸ್ಸು 60 ದಾಟಿದ್ದರೆ ಯೆಲ್ಲೋ ಫೀವರ್ ಲಸಿಕೆಗೆ ಮೊದಲೇ ಡಾಕ್ಟರಿಗೆ ಹೇಳಿ. ಗರ್ಭಿಣಿಯರು, ಎಳೆ ಮಕ್ಕಳ ವಿಷಯ ಬೇರೆ. ಮುಂದೆ ಮನೆಯವರನ್ನು ಕರೆಸಿಕೊಳ್ಳುವುದಾದರೆ ಇದು ನೆನಪಿರಲಿ.

ನಿಜವಾಗಿ ನನಗೆ ಭಯ ಇರುವುದು ಮಲೇರಿಯಾದ್ದು. ನಮ್ಮ ತಾತಂದಿರ ಕಾಲದಲ್ಲಿ ಕೊಡಗು, ಮಲೆನಾಡಿನ ತೋಟಗಳಲ್ಲಿ ಚಳಿ ಜ್ವರ ಎಷ್ಟು ಜನರನ್ನು ತಿಂದಿತು ಎಂದು ಹಿರಿಯರು ಇನ್ನೂ ಹೇಳುತ್ತಾರೆ. ಡಿಡಿಟಿ ಹೊಡೆಯಲು ಶುರುವಾದ ಮೇಲೆ ಅದು ಇಳಿಯಿತು. ಹಾಗಾದರೆ ನಮ್ಮ ರಕ್ತದಲ್ಲಿ ತಡೆಯುವ ಶಕ್ತಿ ಇರಬೇಕಲ್ವಾ? ಇಲ್ಲ. ಆ ಶಕ್ತಿ ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದವರಿಗೆ ಅಷ್ಟಿಷ್ಟು ಇರುತ್ತದೆ. ಅಲ್ಲೇ ಹುಟ್ಟಿದವರೂ ಹೊರದೇಶಕ್ಕೆ ಹೋಗಿ ಕೆಲವು ವರ್ಷ ಇದ್ದರೆ ಅದನ್ನು ಕಳೆದುಕೊಳ್ಳುತ್ತಾರೆ. ನೀವು, ನಾನು ಅಲ್ಲಿಗೆ ಬರಿಗೈಯಲ್ಲೇ ಹೋಗುವವರು. ಅಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಂ, ಮಲೇರಿಯಾದಲ್ಲೇ ಕೆಟ್ಟದ್ದು. ವರ್ಷವಿಡೀ ಇರುತ್ತದೆ. ಚಿಕಿತ್ಸೆ ಒಂದು ದಿನ ತಡವಾದರೂ ಜೀವಕ್ಕೆ ಅಪಾಯ ಆಗಬಹುದು.

ಮಲೇರಿಯಾಕ್ಕೂ ಲಸಿಕೆ ಬಂದಿದೆಯಲ್ಲ ಎಂದು ಕೇಳಬಹುದು. ಬಂದಿದೆ, ಅದರಲ್ಲಿ ಒಂದನ್ನು ತಯಾರಿಸುವುದೂ ಪುಣೆಯಲ್ಲೇ. ಆದರೆ ಅದು ಅಲ್ಲಿನ ಪುಟ್ಟ ಮಕ್ಕಳಿಗೆ, ನಮ್ಮಂಥ ದೊಡ್ಡವರಿಗಲ್ಲ. ನಮಗಿರುವುದು ಮುಂಜಾಗ್ರತೆಯ ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ದಿನಾ ತೆಗೆದುಕೊಳ್ಳಬೇಕು. ಹೊರಡುವ ಒಂದೆರಡು ದಿನ ಮೊದಲು ಶುರು, ಬಂದ ಮೇಲೆ 4 ವಾರ ಮುಂದುವರಿಸಬೇಕು. ತುಂಬ ನೀರು ಕುಡಿದು ನುಂಗಿ, ಕೂಡಲೇ ಮಲಗಬೇಡಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತೋಟದಲ್ಲಿ ಓಡಾಡುವವರಿಗೆ ಟೋಪಿ, ತುಂಬುತೋಳಿನ ಅಂಗಿ ಬೇಕೇ ಬೇಕು. ಮೆಫ್ಲೋಕ್ವಿನ್ ವಾರಕ್ಕೊಂದು, ಆದರೆ ಕೆಲವರಿಗೆ ನಿದ್ದೆ, ಮನಸ್ಸು ಕೆಡಿಸುತ್ತದೆ. ವರ್ಷಗಟ್ಟಲೆ ಇರುವವರು ಏನು ಮಾಡಬೇಕು ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಮಾತ್ರೆ ನುಂಗುತ್ತಿದ್ದರೂ ಔಷಧಿ ಹಾಕಿದ ಸೊಳ್ಳೆಪರದೆ ಬಿಡಬೇಡಿ. ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ.

ಮತ್ತೊಂದು, ಜ್ವರ ಬಂತು ಎಂದರೆ ನಮ್ಮ ಕೈ ಕರಿಮೆಣಸಿನ ಕಷಾಯಕ್ಕೆ, ಪ್ಯಾರಾಸಿಟಮಾಲ್‌ಗೆ ಹೋಗುತ್ತದೆ. ಕಷಾಯ ಕುಡಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನಬೇಡಿ. ನೆಗೆಟಿವ್ ಬಂದೂ ಜ್ವರ ಇಳಿಯದಿದ್ದರೆ ಮತ್ತೆ ಮಾಡಿಸಿ.

ಉಳಿದ ಲಸಿಕೆಗಳು ಬೇಗ ಹೇಳಿಬಿಡುತ್ತೇನೆ. ಟೈಫಾಯಿಡ್ ಹಾಕಿಸಿಕೊಳ್ಳಿ. ಟಿಟಿ ಹಾಕಿಸಿ 10 ವರ್ಷ ಆಗಿದ್ದರೆ ಇನ್ನೊಂದು. ಹೆಪಟೈಟಿಸ್ ಬಿ ಮೂರು ಡೋಸ್, ಮೊದಲನೆಯದಾಗಿ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು, ಈಗಲೇ ಶುರು ಮಾಡಿದರೆ ಹೊರಡುವಷ್ಟರಲ್ಲಿ ಎರಡು ಡೋಸ್ ಆಗುತ್ತದೆ. ಹೆಪಟೈಟಿಸ್ ಎ ನಮ್ಮಲ್ಲಿ ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ಬಂದುಹೋಗಿರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಉತ್ತರ ಉಗಾಂಡಾ ಕಡೆ ಹೋಗುವುದಾದರೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆ ಬಗ್ಗೆ ಕೇಳಿ. ನಾಯಿ ಕಚ್ಚುವ ಮೊದಲೇ ಹಾಕುವ ರೇಬೀಸ್ ಲಸಿಕೆಯನ್ನು ನಾನು ಖಂಡಿತ ಹಾಕಿಸಿಕೊಳ್ಳಿ ಎನ್ನುತ್ತೇನೆ. ಹಾಕಿಸಿಕೊಂಡವರಿಗೆ ಕಚ್ಚಿದ ಮೇಲೆ ಎರಡು ಡೋಸ್ ಸಾಕು, ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಬೇಕಿಲ್ಲ. ತೋಟದಿಂದ ದೊಡ್ಡ ಆಸ್ಪತ್ರೆಗೆ ದೂರ ಇರುವಾಗ ಇದೇ ದೊಡ್ಡ ಧೈರ್ಯ.

ಲಸಿಕೆಯೇ ಇಲ್ಲದ ಎರಡು ವಿಷಯ ಇವೆ. ನಾವು ಕಾವೇರಿ, ಹಾರಂಗಿ, ತೋಟದ ತೋಡು ಎಂದು ನೀರು ಕಂಡಲ್ಲಿ ಇಳಿಯುವವರು. ಅಲ್ಲಿ ಹಾಗೆ ಮಾಡಬೇಡಿ. ವಿಕ್ಟೋರಿಯಾ ಸರೋವರ, ನೈಲ್ ನದಿ, ಕೆರೆಕಟ್ಟೆಗಳಲ್ಲಿ ಬಿಲ್ಹಾರ್ಜಿಯಾ ಎಂಬ ಹುಳುವಿನ ಕಾಯಿಲೆ ಇದೆ. ಬಸವನಹುಳುವಿನಿಂದ ಹೊರಬಿದ್ದ ಕಣ್ಣಿಗೆ ಕಾಣದ ಮರಿಹುಳು ಕೆಲವೇ ನಿಮಿಷದಲ್ಲಿ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕಾಲು ತೊಳೆಯಲು ಇಳಿದರೂ ಅಷ್ಟೇ. ಇಳಿದದ್ದಾದರೆ ಡಾಕ್ಟರಿಗೆ ಹೇಳಿ, ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಔಷಧಿ ಇದೆ.

ಇನ್ನೊಂದು ಮ್ಯಾಂಗೋ ಫ್ಲೈ ಎನ್ನುವ ನೊಣ. ನೆರಳಲ್ಲಿ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಬಟ್ಟೆ ಹಾಕಿಕೊಂಡಾಗ ಮರಿ ಚರ್ಮದೊಳಗೆ ಸೇರುತ್ತದೆ. ನನ್ನ ಜೊತೆಗಿದ್ದ ಒಬ್ಬ ಹುಡುಗನಿಗೆ ಚಡ್ಡಿಯ ಎಲಾಸ್ಟಿಕ್ ಕೂರುವ ಸೊಂಟದ ಸುತ್ತ ಗುಳ್ಳೆ ಎದ್ದಿತ್ತು. ಒಂದೊಂದರ ನಡುವೆಯೂ ಸೂಜಿಮೊನೆಯಷ್ಟು ತೂತು. ನರ್ಸ್ ಮೇಲೆ ವ್ಯಾಸಲೀನ್ ಮೆತ್ತಿದರು. ಉಸಿರು ಕಟ್ಟಿ ಬಿಳಿ ಹುಳು ತಲೆ ಹೊರಗೆ ಹಾಕಿತು, ಆಮೇಲೆ ಮೆಲ್ಲಗೆ ತೆಗೆದರು. ಮಳೆಗಾಲದಲ್ಲಿ ನಾವು ಅಗ್ಗಿಷ್ಟಿಕೆ ಮೇಲೆ ಬಟ್ಟೆ ಒಣಗಿಸಿ ಹಾಗೇ ಹಾಕಿಕೊಳ್ಳುತ್ತೇವಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಅಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಸಿಗುತ್ತದೆ. ಒಳಚಡ್ಡಿ, ಟವೆಲ್ ಬಿಡದೆ ಎರಡೂ ಬದಿ, ಹೊಲಿಗೆಯ ಮೇಲೂ ಚೆನ್ನಾಗಿ ಕಾಯಿಸಿ ಒತ್ತಿ.

ರಜೆಗೆ ಊರಿಗೆ ಬಂದಾಗ ಜ್ವರ ಬಂದರೆ, ತಿಂಗಳುಗಳಾದ ಮೇಲೆ ಬಂದರೂ, ಡಾಕ್ಟರಿಗೆ ಮೊದಲ ಮಾತೇ ‘ಉಗಾಂಡಾದಿಂದ ಬಂದಿದ್ದೇನೆ, ಮಲೇರಿಯಾ ನೋಡಿ’ ಎನ್ನಿ. ನೀವು ಹೇಳದಿದ್ದರೆ ಅದು ಅವರ ಯೋಚನೆಗೆ ಬರುವುದು ಕಷ್ಟ.